ಕಾಫಿಯ ಕಂಪಿನಲ್ಲಿ ಅರಳಿದ ಸಂಗೀತ

ಸಂಗೀತಕ್ಕೂ ಕಾಫಿಗೂ ಇರುವ ನಂಟು ಕನ್ನಡಿಗರಿಗೆ ಹೊಸದಲ್ಲ. ವಿದ್ವಾಂಸರು ಪಲ್ಲವಿಯನ್ನು ಮುಗಿಸಿ ಮೃದಂಗದವರಿಗೆ ತನಿ ಆವರ್ತನವನ್ನು ಬಿಟ್ಟುಕೊಟ್ಟೊಡನೆಯೇ ಸಭಿಕರಲ್ಲಿ ಒಂದು ಪಾಲು ಮೆಲ್ಲನೆ ಮೇಲೆದ್ದು ಕಾಫಿಯ ಕಡೆಗೆ ಹೆಜ್ಜೆ ಹಾಕುವ ದೃಶ್ಯವನ್ನು ಬೆಂಗಳೂರು, ಮೈಸೂರುಗಳ ರಾಮೋತ್ಸವದ ಚಪ್ಪರಗಳಲ್ಲಿ ನೋಡದವರು ಯಾರು? ಆದರೆ ಅಲ್ಲಿ ಕಚೇರಿಯೇ ದೇವರು. ಕಾಫಿ ಬರಿಯ ಪ್ರಸಾದ. ಇದಕ್ಕೆ ತಿರುಗುಮುರುಗಾಗಿ, ಕಾಫಿ ಮಾರುವುದಕ್ಕೆಂದೇ ತೆರೆದ ಅಂಗಡಿಯೊಂದು ಸಂಗೀತದ ಆಸ್ಥಾನವಾಗಿ, ಜಗತ್ತಿನ ಮಹಾ ವಾಗ್ಗೇಯಕಾರರಲ್ಲಿ ಒಬ್ಬನಿಗೆ ಆಶ್ರಯವಿತ್ತು, ಚರಿತ್ರೆಯಲ್ಲಿ ಹೆಸರನ್ನು ಉಳಿಸಿಕೊಂಡ ಕಥೆ ಅಷ್ಟು ಪರಿಚಿತವಾದುದಲ್ಲ.

ಆ ಅಂಗಡಿ ಇದ್ದುದು ಜರ್ಮನಿಯ ಲೈಪ್‌ಜಿಗ್ ನಗರದ ಕಥರೀನಾ ಬೀದಿಯಲ್ಲಿ. ಅದರ ಒಡೆಯ ಗಾಟ್‌ಫ್ರೀಡ್ ಜಿಮ್ಮರ್‌ಮನ್ ಎಂಬ ವ್ಯಾಪಾರಿ. ಅಲ್ಲಿ ವಾರ ವಾರವೂ ವಾದ್ಯಗೋಷ್ಠಿಯನ್ನು ನಡೆಸಿಕೊಟ್ಟವನು ಯೊಹಾನ್ ಸೆಬಾಸ್ಟಿಯನ್ ಬಾಖ್.

ವಣಿಜರ ಊರು, ವಿದ್ಯಾರ್ಥಿಗಳ ಊರು

ಹದಿನೆಂಟನೆಯ ಶತಮಾನದ ಮೊದಲ ಭಾಗದಲ್ಲಿ ಲೈಪ್‌ಜಿಗ್ ಸುಮಾರು ಮೂವತ್ತು ಸಾವಿರ ಜನರಿದ್ದ ಪಟ್ಟಣ. ಸ್ಯಾಕ್ಸನಿಯ ಅರಸನು ಇದ್ದುದು ಡ್ರೆಸ್ಡೆನ್ ನಗರದಲ್ಲಿ. ಲೈಪ್‌ಜಿಗ್ಗಿನಲ್ಲಿ ಅರಮನೆಯ ವೈಭವವಿರಲಿಲ್ಲ. ಅದರ ಹಿರಿಮೆಗೆ ಕಾರಣವಾದುವು ಎರಡು: ವರ್ಷಕ್ಕೆ ಮೂರು ಸಲ ಕೂಡುತ್ತಿದ್ದ ದೊಡ್ಡ ಜಾತ್ರೆಗಳು, ಮತ್ತು 1409ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯ. ಜಾತ್ರೆಗೆ ಯೂರೋಪಿನ ಮೂಲೆ ಮೂಲೆಗಳಿಂದ ವರ್ತಕರು ಬರುತ್ತಿದ್ದರು. ವಿಶ್ವವಿದ್ಯಾನಿಲಯಕ್ಕೆ ತರುಣರು ಬರುತ್ತಿದ್ದರು. ಒಬ್ಬರಲ್ಲಿ ಹಣ, ಇನ್ನೊಬ್ಬರಲ್ಲಿ ಬಿಡುವು. ಇವೆರಡೂ ಕೂಡಿದ ಕಡೆಯಲ್ಲಿ ಕಾಫಿಯ ಅಂಗಡಿಗಳು ಹುಟ್ಟಿಕೊಳ್ಳುವುದು ಸಹಜವಷ್ಟೆ.

ಕಾಫಿ ಆಗ ಯೂರೋಪಿಗೆ ಇನ್ನೂ ಹೊಸದು. ಯೆಮನ್ ನಾಡಿನ ಸೂಫಿ ಸಂತರು ರಾತ್ರಿಯ ಧ್ಯಾನದಲ್ಲಿ ನಿದ್ರೆಯನ್ನು ಗೆಲ್ಲಲು ಬಳಸುತ್ತಿದ್ದ ಈ ಕಷಾಯವು ಮೋಕಾ ಬಂದರಿನಿಂದ ಹೊರಟು ಹಡಗುಗಳ ಮೂಲಕ ಪಶ್ಚಿಮಕ್ಕೆ ಹಬ್ಬಿತು. ಅದೇ ಯೆಮನ್ನಿನಿಂದ ಏಳು ಬೀಜಗಳನ್ನು ಮರೆಮಾಚಿ ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದವರು ಬಾಬಾ ಬುಡನ್ ಎಂಬ ಐತಿಹ್ಯವನ್ನು ಕನ್ನಡ ನಾಡಿನ ಮಕ್ಕಳೂ ಬಲ್ಲರು. ಆದರೆ ಇನ್ನೊಂದು ಸಂಗತಿ ಅಷ್ಟು ಪ್ರಚಾರದಲ್ಲಿಲ್ಲ. ಡಚ್ಚರು ಜಾವಾ ದ್ವೀಪದಲ್ಲಿ ಕಾಫಿಯ ತೋಟಗಳನ್ನು ಎಬ್ಬಿಸಲು 1696ರಲ್ಲಿಯೂ, ಮೊದಲ ಸಸಿಗಳು ನೀರುಪಾಲಾದ ಮೇಲೆ 1699ರಲ್ಲಿಯೂ, ಸಸಿಗಳನ್ನು ಒಯ್ದುದು ನಮ್ಮ ಮಲಬಾರಿನ ಕರೆಯಿಂದ. ಕೆಲವೇ ವರ್ಷಗಳಲ್ಲಿ ಜಾವಾದ ಕಾಫಿ ಆಮ್‌ಸ್ಟರ್‌ಡ್ಯಾಮಿನ ಪೇಟೆಯನ್ನು ತುಂಬಿತು. ಅಲ್ಲಿಂದ ಜರ್ಮನಿಯ ಊರುಗಳಿಗೆ ಹರಿಯಿತು. ಬಾಖನ ಕಾಲದ ಲೈಪ್‌ಜಿಗ್ಗಿನವರು ಕುಡಿದ ಬಟ್ಟಲುಗಳಲ್ಲಿ ಕೆಲವಕ್ಕಾದರೂ ದಕ್ಷಿಣ ಭಾರತದ ಮಣ್ಣಿನೊಡನೆ ದೂರದ ಸಂಬಂಧವಿದ್ದಿತೆಂದರೆ ತಪ್ಪಾಗದು.

ಆ ಪಟ್ಟಣದಲ್ಲಿದ್ದ ಕಾಫಿ ಮಂದಿರಗಳಲ್ಲಿ ದೊಡ್ಡದು, ಅಚ್ಚುಕಟ್ಟಾದುದು ಜಿಮ್ಮರ್‌ಮನ್ನನದು. 1715ರ ಸುಮಾರಿಗೆ ಕಟ್ಟಿದ ಭವ್ಯವಾದ ಮಹಡಿಯ ಮನೆ. ಬೀದಿಯೂ ಪೇಟೆಯ ಚೌಕಕ್ಕೆ ಅಂಟಿಕೊಂಡಿದ್ದ ಸಿರಿವಂತರ ಬೀದಿ. ಒಳಗಣ ಹಜಾರವು ತುತ್ತೂರಿ, ನಗಾರಿಗಳನ್ನೊಳಗೊಂಡ ಮೇಳವೂ ಅದನ್ನು ಕೇಳಲು ಬಂದ ಜನರೂ ಹಿಡಿಯುವಷ್ಟು ವಿಶಾಲವಾಗಿದ್ದಿತು. ಊರ ಹೊರಗೆ, ಗ್ರಿಮ್ಮಾ ಬಾಗಿಲಿನ ಆಚೆ, ಬೇಸಗೆಗೆಂದು ಅವನದೇ ಒಂದು ಕಾಫಿಯ ತೋಟವೂ ಇದ್ದಿತು.

ವಿದ್ಯಾರ್ಥಿಗಳ ಮೇಳ

ಸಂಗೀತವು ಈ ಅಂಗಡಿಯನ್ನು ಹೊಕ್ಕುದು ವಿದ್ಯಾರ್ಥಿಗಳ ಮೂಲಕ. 1702ರ ಸುಮಾರಿಗೆ ಕಾನೂನು ಓದಲು ಲೈಪ್‌ಜಿಗ್ಗಿಗೆ ಬಂದಿದ್ದ ಟೆಲೆಮನ್ ಎಂಬ ತರುಣನು, ಶಾಸ್ತ್ರಗ್ರಂಥಗಳನ್ನು ಬದಿಗಿಟ್ಟು, ತನ್ನ ಜೊತೆಯವರನ್ನು ಕಲೆಹಾಕಿ ಒಂದು ವಾದ್ಯಮೇಳವನ್ನು ಕಟ್ಟಿದನು. ಮುಂದೆ ಈ ಟೆಲೆಮನ್ ಜರ್ಮನಿಯಲ್ಲೆಲ್ಲ ಹೆಸರಾದ ಸಂಗೀತಗಾರನಾದನು. ಅವನು ಕಟ್ಟಿದ ಮೇಳಕ್ಕೆ ‘ಕೊಲೇಗಿಯುಂ ಮ್ಯೂಸಿಕುಂ’ ಎಂದು ಹೆಸರು; ಸಂಗೀತ ಕೂಟವೆಂದು ಅರ್ಥ. ಟೆಲೆಮನ್ ಊರು ಬಿಟ್ಟ ಮೇಲೂ ಕೂಟವು ಮುರಿಯಲಿಲ್ಲ. ಒಬ್ಬರಾದ ಮೇಲೊಬ್ಬರು ಅದನ್ನು ನಡೆಸಿಕೊಂಡು ಬಂದರು. ಕೊನೆಗೆ ಜಿಮ್ಮರ್‌ಮನ್ನನ ಕಾಫಿ ಮಂದಿರದಲ್ಲಿ ಅದು ನೆಲೆ ನಿಂತಿತು.

ಇಲ್ಲಿ ಜಿಮ್ಮರ್‌ಮನ್ನನ ವ್ಯಾಪಾರದ ಜಾಣ್ಮೆಯನ್ನು ಮೆಚ್ಚಬೇಕು. ಸಂಗೀತವನ್ನು ಕೇಳಲು ಬಂದವರಿಂದ ಅವನು ಚೀಟಿಯ ಹಣವನ್ನು ಪಡೆಯುತ್ತಿರಲಿಲ್ಲ. ಬಾಗಿಲು ತೆರೆದಿಟ್ಟು, ದೀಪ ಹಚ್ಚಿ, ಆಸನವಿಟ್ಟು, ವಾದ್ಯಗಳನ್ನೂ ತಾನೇ ಕೊಂಡು ಒದಗಿಸುತ್ತಿದ್ದನು. ಎರಡು ಗಂಟೆಯ ಕಾಲ ಸಂಗೀತ ಕೇಳುತ್ತ ಕುಳಿತವನು ಒಂದು ಬಟ್ಟಲು ಕಾಫಿಗೆ ತೃಪ್ತನಾಗುವನೆ? ಖರ್ಚೆಲ್ಲವೂ ಕಾಫಿಯಿಂದಲೇ ಹುಟ್ಟುತ್ತಿದ್ದಿತು. ಮುಂದೆ ನಮ್ಮ ಊರುಗಳ ಹೋಟೆಲಿನವರು ಗ್ರಾಮಫೋನು, ರೇಡಿಯೋಗಳನ್ನಿಟ್ಟು ಗಿರಾಕಿಗಳನ್ನು ಹಿಡಿದು ಕೂರಿಸಿದರಲ್ಲ, ಅದೇ ಉಪಾಯವನ್ನು ಜೀವಂತ ಸಂಗೀತದಿಂದ ನಡೆಸಿದವನು ಜಿಮ್ಮರ್‌ಮನ್.

ಚಳಿಗಾಲದಲ್ಲಿ ಪ್ರತಿ ಶುಕ್ರವಾರ ರಾತ್ರಿ 8ರಿಂದ 10ರವರೆಗೆ ಬೀದಿಯ ಮನೆಯಲ್ಲಿ. ಬೇಸಗೆಯಲ್ಲಿ ಪ್ರತಿ ಬುಧವಾರ ಸಂಜೆ 4ರಿಂದ 6ರವರೆಗೆ ಊರ ಹೊರಗಿನ ತೋಟದಲ್ಲಿ. ಜಾತ್ರೆಯ ದಿನಗಳಲ್ಲಿ ಮಂಗಳವಾರ, ಶುಕ್ರವಾರ, ಹೀಗೆ ವಾರಕ್ಕೆರಡು ಸಲ. ಇದು ಅಲ್ಲಿನ ಕ್ರಮ. ಸಾಮಾನ್ಯ ದಿನಗಳಲ್ಲಿ ಕಾಫಿಯ ಅಂಗಡಿಯ ಹೊಸ್ತಿಲನ್ನು ಕುಲಸ್ತ್ರೀಯರು ತುಳಿಯುವಂತಿರಲಿಲ್ಲ. ಆದರೆ ಸಂಗೀತದ ಹೊತ್ತಿನಲ್ಲಿ ಅವರೂ ಬಂದು ಕುಳಿತುಕೊಳ್ಳಬಹುದಾಗಿದ್ದಿತು. ಸಂಗೀತವು ಹೆಂಗಸರಿಗೆ ತೆರೆದುಕೊಟ್ಟ ಬಾಗಿಲುಗಳಲ್ಲಿ ಇದೂ ಒಂದು.

ಬೇಸತ್ತ ಮನಸ್ಸಿಗೆ ಒಂದು ಆಶ್ರಯ

1729ರ ವಸಂತದಲ್ಲಿ ಈ ಕೂಟದ ನಾಯಕತ್ವವನ್ನು ಬಾಖನು ವಹಿಸಿಕೊಂಡನು. ಆಗ ಅವನಿಗೆ ನಲವತ್ತನಾಲ್ಕು ವರ್ಷ. ಸಂತ ತೋಮಾಸನ ಶಾಲೆಯ ಸಂಗೀತಾಚಾರ್ಯನಾಗಿ ಅವನು ಊರಿಗೆ ಬಂದು ಆರು ವರ್ಷಗಳಾಗಿದ್ದುವು. ಇಂಥ ಗಂಭೀರವಾದ ಪದವಿಯಲ್ಲಿದ್ದ, ಚರ್ಚಿನ ಸಂಗೀತಕ್ಕೆ ಬಾಳನ್ನೇ ಮುಡಿಪಾಗಿಟ್ಟ ಮನುಷ್ಯನು ಕಾಫಿಯ ಅಂಗಡಿಗೆ ಬಂದುದೇಕೆ?

ಕಾರಣವನ್ನು ಆ ಊರಿನ ನಗರಸಭೆಯ ಕಡತಗಳೇ ಹೇಳುತ್ತವೆ. 1722ರಲ್ಲಿ ಆ ಹುದ್ದೆಗೆ ಸಭೆಯವರು ಮೊದಲು ಬಯಸಿದ್ದುದು ಟೆಲೆಮನ್ನನನ್ನು. ಅವನು ಒಲ್ಲೆನೆಂದ ಮೇಲೆ ಗ್ರೌಪ್ನರ್ ಎಂಬುವನನ್ನು. ಅವನನ್ನು ಅವನ ದೊರೆ ಬಿಟ್ಟುಕೊಡದಿದ್ದ ಮೇಲೆ, ಮೂರನೆಯವನಾಗಿ, ಬಾಖನನ್ನು. ಉತ್ತಮರು ಸಿಕ್ಕದಿದ್ದಲ್ಲಿ ಸಾಧಾರಣರಿಂದಲೇ ತೃಪ್ತಿಪಡಬೇಕೆಂಬ ಅರ್ಥದ ಮಾತನ್ನು ಆಗ ಸದಸ್ಯರೊಬ್ಬರು ಆಡಿದುದು ದಾಖಲೆಯಾಗಿದೆ. ಹಾಗೆ ಬಂದ ಬಾಖನಿಗೆ ಹೊರಿಸಿದ ಕೆಲಸ ಸಾಮಾನ್ಯವಾದುದಲ್ಲ. ಊರಿನ ಚರ್ಚುಗಳಿಗೆಲ್ಲ ಅವನ ಶಾಲೆಯ ಹುಡುಗರೇ ಹಾಡಬೇಕು. ಅವರಲ್ಲಿ ಅನೇಕರಿಗೆ ಶಾರೀರವಿಲ್ಲ, ಕೆಲವರಿಗೆ ಶ್ರುತಿಯ ಜ್ಞಾನವೂ ಇಲ್ಲ. ವಾದ್ಯಗಾರರ ಸಂಖ್ಯೆ ಸಾಲದು. ಇದನ್ನೆಲ್ಲ ವಿವರಿಸಿ, ಚರ್ಚಿನ ಸಂಗೀತವು ತಕ್ಕಮಟ್ಟಿಗೆ ನಡೆಯಬೇಕಾದರೆ ಎಷ್ಟು ಮಂದಿ ಬೇಕೆಂದು ಎಣಿಸಿ ತೋರಿಸಿ, 1730ರ ಆಗಸ್ಟ್ 23ರಂದು ಬಾಖನು ಒಂದು ಬಿನ್ನವತ್ತಳೆಯನ್ನು ಸಲ್ಲಿಸಿದನು. ಅದೇ ತಿಂಗಳಿನಲ್ಲಿ ಸಭೆಯವರು ಆಚಾರ್ಯನ ಮೇಲೆ ದೂರುಗಳನ್ನು ಹೇಳಿಕೊಂಡು, ಅವನ ಆದಾಯವನ್ನು ತಗ್ಗಿಸುವ ಮಾತನಾಡುತ್ತಿದ್ದರು.

ಆ ವರ್ಷದ ಅಕ್ಟೋಬರ್ 28ರಂದು ಬಾಖನು ತನ್ನ ಬಾಲ್ಯಸ್ನೇಹಿತನಿಗೆ ಬರೆದ ಕಾಗದವು ಉಳಿದುಬಂದಿದೆ. ಊರು ದುಬಾರಿ, ಮೇಲಿನವರಿಗೆ ಸಂಗೀತದಲ್ಲಿ ಆಸ್ಥೆಯಿಲ್ಲ, ಸಾವಿನ ಮೆರವಣಿಗೆಗಳಿಂದ ಬರುವ ಸಂಭಾವನೆಯೂ ಊರಿನ ಹವೆ ಚೆನ್ನಾಗಿದ್ದಾಗ ಇಳಿದುಹೋಗುತ್ತದೆ ಎಂದು ಅವನು ಅದರಲ್ಲಿ ತೋಡಿಕೊಂಡಿದ್ದಾನೆ. ಜನ ಆರೋಗ್ಯವಾಗಿದ್ದುದರಿಂದ ತನಗೆ ನೂರು ಥಾಲರುಗಳಿಗೂ ಮಿಕ್ಕಿ ನಷ್ಟವಾಯಿತೆಂದು ಲೆಕ್ಕ ಹೇಳಬೇಕಾದ ಸಂಸಾರಸ್ಥನ ಪಾಡನ್ನು ಓದಿದರೆ ನಗೆಯೂ ಬರುತ್ತದೆ, ಕನಿಕರವೂ ಹುಟ್ಟುತ್ತದೆ. ಇಬ್ಬರು ಹೆಂಡಿರಲ್ಲಿ ಅವನಿಗಾದ ಮಕ್ಕಳು ಇಪ್ಪತ್ತು. ಅವರಲ್ಲಿ ದೊಡ್ಡವರಾಗುವವರೆಗೆ ಬದುಕಿದವರು ಹತ್ತು ಮಂದಿ.

ಹೀಗೆ ಬೇಸತ್ತಿದ್ದ ಬಾಖನಿಗೆ ಕಾಫಿ ಮಂದಿರವು ಒಂದು ಆಶ್ರಯವಾಯಿತು. ಇಲ್ಲಿ ಅಪ್ಪಣೆ ಮಾಡುವ ಸಭೆಯಿಲ್ಲ. ಇಲ್ಲಿ ಹಾಡುವವರು ಬಲವಂತಕ್ಕೆ ಬಂದ ಬಾಲಕರಲ್ಲ, ಆಸೆಯಿಂದ ಬಂದ ತರುಣರು. ಕೇಳುವವರೂ ಅಂಥವರೇ. 1736ರಲ್ಲಿ ಮಿಟ್ಸ್‌ಲರ್ ಎಂಬ ಸಂಗೀತ ಪತ್ರಿಕೆಯ ಸಂಪಾದಕನು ಈ ಕೂಟವನ್ನು ಕುರಿತು ಬರೆಯುತ್ತ, ಸಮರ್ಥನಾದ ಯಾವ ಸಂಗೀತಗಾರನಿಗಾದರೂ ಅಲ್ಲಿ ತನ್ನ ವಿದ್ಯೆಯನ್ನು ತೋರಿಸಲು ಅವಕಾಶವಿದೆಯೆಂದೂ, ಕೇಳಲು ಬರುವವರಲ್ಲಿ ಬಹುಮಂದಿ ಗುಣವನ್ನು ಅಳೆಯಬಲ್ಲವರೆಂದೂ ತಿಳಿಸಿದ್ದಾನೆ. ಇದಕ್ಕಿಂತ ಹೆಚ್ಚಿನ ಬಿರುದು ಯಾವ ಸಭೆಗೆ ಬೇಕು?

ತೋಟದಲ್ಲಿ ಹುಟ್ಟಿ ಗುಡಿಯನ್ನು ಸೇರಿದ ಹಾಡು

ಜಿಮ್ಮರ್‌ಮನ್ನನ ಮನೆಯಲ್ಲಿ ಬಾಖನ ನೇತೃತ್ವದಲ್ಲಿ ನಡೆದ ಕಚೇರಿಗಳ ಸಂಖ್ಯೆ ಐದು ನೂರನ್ನು ಮೀರಿರಬೇಕೆಂದು ವಿದ್ವಾಂಸರ ಅಂದಾಜು. 1733ರ ಫೆಬ್ರವರಿಯಲ್ಲಿ ಅರಸನು ತೀರಿಕೊಂಡುದರಿಂದ ನಾಡಿನಲ್ಲೆಲ್ಲ ಸಂಗೀತ ನಿಂತುಹೋಯಿತು. ಆ ಶೋಕದ ಅವಧಿ ಕಳೆದು ಜೂನ್ 17ರಂದು ಕಚೇರಿ ಮತ್ತೆ ಆರಂಭವಾದಾಗ, ಊರಿನಲ್ಲಿ ಹಿಂದೆಂದೂ ಕೇಳದಂಥ ಹೊಸದೊಂದು ಹಾರ್ಪ್ಸಿಕಾರ್ಡನ್ನು ನುಡಿಸಲಾಗುವುದೆಂದು ಪತ್ರಿಕೆಯಲ್ಲಿ ಪ್ರಕಟಣೆ ಹೊರಟಿತು. ಪಿಯಾನೋ ಪ್ರಚಾರಕ್ಕೆ ಬರುವುದಕ್ಕೆ ಮುಂಚೆ ಮೆರೆದ ವಾದ್ಯವಿದು. ಮೇಳದ ಹಿಂದೆ ನೆರಳಾಗಿ ನುಡಿಯುತ್ತಿದ್ದ ಈ ವಾದ್ಯವನ್ನು ಮುಂದಕ್ಕೆ ತಂದು, ಮೇಳವೆಲ್ಲ ಅದಕ್ಕೆ ಪಕ್ಕವಾದ್ಯವಾಗುವಂತೆ ಬಾಖನು ಕೃತಿಗಳನ್ನು ರಚಿಸಿದನು. ಒಂದಲ್ಲ, ಎರಡು, ಮೂರು, ಕಡೆಗೆ ನಾಲ್ಕು ಹಾರ್ಪ್ಸಿಕಾರ್ಡುಗಳನ್ನು ಒಟ್ಟಿಗೆ ನುಡಿಸುವ ಕೃತಿಗಳೂ ಹುಟ್ಟಿದುವು. ತಂದೆಯ ಜೊತೆಗೆ ಮಕ್ಕಳಾದ ಫ್ರೀಡೆಮನ್, ಇಮ್ಯಾನುವೆಲ್ ಮೊದಲಾದವರೂ ಕುಳಿತು ನುಡಿಸಿರಬೇಕು.

ಇನ್ನೊಂದು ವಿಶೇಷ. 1733ರ ಸೆಪ್ಟೆಂಬರ್ 5ರಂದು ಹನ್ನೊಂದು ವರ್ಷದ ರಾಜಕುಮಾರನ ಹುಟ್ಟುಹಬ್ಬಕ್ಕಾಗಿ ಕಾಫಿಯ ತೋಟದಲ್ಲಿಯೂ, ಡಿಸೆಂಬರ್ 8ರಂದು ಅವನ ತಾಯಿಯ ಹುಟ್ಟುಹಬ್ಬಕ್ಕಾಗಿ ಕಾಫಿ ಮಂದಿರದಲ್ಲಿಯೂ ಬಾಖನು ಎರಡು ಸ್ತುತಿರೂಪಕಗಳನ್ನು ಹಾಡಿಸಿದನು. ಮುಂದಿನ ವರ್ಷ ಕ್ರಿಸ್ತಜಯಂತಿಗೆ ದೊಡ್ಡ ಕೃತಿಯೊಂದನ್ನು ರಚಿಸುವಾಗ ಇವುಗಳ ಮಟ್ಟುಗಳನ್ನೇ ಎತ್ತಿಕೊಂಡು ಹೊಸ ಸಾಹಿತ್ಯಕ್ಕೆ ಹೊಂದಿಸಿದನು. ಇಂದು ಕ್ರಿಸ್‌ಮಸ್ ಬಂತೆಂದರೆ ಲೋಕದ ಎಷ್ಟೋ ಚರ್ಚುಗಳಲ್ಲಿ ಭಕ್ತಿಯಿಂದ ಹಾಡುವ ‘ಕ್ರಿಸ್‌ಮಸ್ ಒರೆಟೋರಿಯೋ’ದ ಹಲವು ಭಾಗಗಳು ಮೊದಲು ಕಿವಿಗೆ ಬಿದ್ದುದು ಕಾಫಿಯ ಬಟ್ಟಲುಗಳ ಸದ್ದಿನ ನಡುವೆ! ಒಂದೇ ರಾಗದಲ್ಲಿ ಜಾವಳಿಯನ್ನೂ ದೇವರನಾಮವನ್ನೂ ಕೇಳಿ ಬಲ್ಲ ನಮ್ಮವರಿಗೆ ಇದರಿಂದ ಆಶ್ಚರ್ಯವಾಗಬೇಕಾದುದಿಲ್ಲ.

ಈ ಮೇಳದ ಚರಿತ್ರೆಯಲ್ಲಿ ದುಃಖದ ದಿನವೂ ಇದೆ. 1734ರ ಅಕ್ಟೋಬರ್ 5ರ ರಾತ್ರಿ, ಊರಿಗೆ ಬಂದಿದ್ದ ಅರಸನ ಮುಂದೆ ಪೇಟೆಯ ಚೌಕದಲ್ಲಿ ಬಾಖನ ಹೊಸ ಕೃತಿಯನ್ನು ನಡೆಸಲಾಯಿತು. ಆರು ನೂರು ವಿದ್ಯಾರ್ಥಿಗಳು ಪಂಜು ಹಿಡಿದು ನಿಂತಿದ್ದರು. ತುತ್ತೂರಿಯನ್ನು ಊದಿದವನು ಗಾಟ್‌ಫ್ರೀಡ್ ರೈಖೆ. ಅರುವತ್ತೇಳು ವರ್ಷದ ವೃದ್ಧ, ಆ ವಿದ್ಯೆಯಲ್ಲಿ ಅವನಿಗೆ ಸಮನಿಲ್ಲವೆಂದು ಹೆಸರಾದವನು. ಮಾರನೆಯ ದಿನ ಅವನು ತನ್ನ ಮನೆಯ ಹತ್ತಿರದ ಬೀದಿಯಲ್ಲಿ ಕುಸಿದು ಬಿದ್ದು ಪ್ರಾಣ ಬಿಟ್ಟನು. ಹಿಂದಿನ ರಾತ್ರಿ ಊದಿದ ಆಯಾಸವೂ ಪಂಜುಗಳ ಹೊಗೆಯೂ ಅವನನ್ನು ಕೊಂದುವೆಂದು ಅಂದಿನ ವೃತ್ತಾಂತಕಾರನು ಬರೆದಿಟ್ಟಿದ್ದಾನೆ.

ಕಾಫಿಯ ಹುಡುಗಿ

ಕಾಫಿಯ ಮನೆಯಲ್ಲಿ ಕಾಫಿಯನ್ನೇ ಕುರಿತ ಹಾಡಿಲ್ಲದಿದ್ದರೆ ಹೇಗೆ? 1732ರಲ್ಲಿ ಪಿಕಾಂಡರ್ ಎಂಬ ಕಾವ್ಯನಾಮದ ಕವಿಯೊಬ್ಬನು (ಅವನು ಅಂಚೆಯ ಇಲಾಖೆಯ ನೌಕರ) ಒಂದು ಹಾಸ್ಯಪ್ರಸಂಗವನ್ನು ಪ್ರಕಟಿಸಿದನು. ಬಾಖನು ಅದಕ್ಕೆ ಸಂಗೀತವನ್ನು ಕೂಡಿಸಿದನು. ಇಂದಿಗೂ ಜನಪ್ರಿಯವಾಗಿರುವ ‘ಕಾಫಿ ಕ್ಯಾಂಟಾಟಾ’ ಇದೇ.

ಕಥೆ ಇಷ್ಟೇ. ಶ್ಲೆಂಡ್ರಿಯನ್ ಎಂಬ ಗೃಹಸ್ಥನಿಗೆ ಲೀಸ್‌ಗೆನ್ ಎಂಬ ಮಗಳು. ಅವಳಿಗೆ ಕಾಫಿಯ ಚಟ. ದಿನಕ್ಕೆ ಮೂರು ಸಲ ಕಾಫಿಯಿಲ್ಲದಿದ್ದರೆ ಅವಳ ಜೀವ ಬಾಡಿಹೋಗುತ್ತದೆ. ತಂದೆ ಬುದ್ಧಿ ಹೇಳಿದನು, ಗದರಿಸಿದನು. ಮದುವೆ ಮನೆಗಳಿಗೆ ಕಳಿಸುವುದಿಲ್ಲವೆಂದನು, ಹೊಸ ಮಾದರಿಯ ಲಂಗವಿಲ್ಲವೆಂದನು, ಜರಿಯ ಪಟ್ಟಿಯಿಲ್ಲವೆಂದನು. ಹುಡುಗಿ ಯಾವುದಕ್ಕೂ ಜಗ್ಗಲಿಲ್ಲ. ಕೊನೆಗೆ, ಕಾಫಿ ಬಿಡದಿದ್ದರೆ ಗಂಡನನ್ನೇ ಹುಡುಕುವುದಿಲ್ಲವೆಂದು ಹೆದರಿಸಿದಾಗ ಅವಳು ಸೋತಂತೆ ತೋರಿಸಿ ಕಾಫಿಯನ್ನು ಬಿಡಲು ಒಪ್ಪಿದಳು. ತಂದೆ ಹಿಗ್ಗಿನಿಂದ ವರಾನ್ವೇಷಣೆಗೆ ಹೊರಟನು. ಇತ್ತ ಮಗಳು ಗುಟ್ಟಾಗಿ ಒಂದು ಸುದ್ದಿಯನ್ನು ಹರಡಿದಳು: ಬೇಕಾದಾಗ ಕಾಫಿ ಮಾಡಿಕೊಳ್ಳಲು ಅಡ್ಡಿ ಮಾಡುವುದಿಲ್ಲವೆಂದು ಮದುವೆಯ ಕರಾರಿನಲ್ಲಿ ಬರೆದುಕೊಡದವನು ತನ್ನ ಮನೆಗೆ ಕಾಲಿಡಬೇಕಾದುದಿಲ್ಲ! ಕವಿಯ ಅಚ್ಚಿನ ಪ್ರತಿಯಲ್ಲಿ ಈ ಕೊನೆಯ ತಿರುವು ಇರಲಿಲ್ಲ. ಹುಡುಗಿಯನ್ನು ಗೆಲ್ಲಿಸಿದ ಆ ಭಾಗವು ಸಂಗೀತದ ಪ್ರತಿಯಲ್ಲಿ ಮಾತ್ರ ಇದೆ. ಬಾಖನೇ ಅದನ್ನು ಸೇರಿಸಿರಬಹುದೆಂದು ಊಹಿಸುವವರುಂಟು.

ಶ್ಲೆಂಡ್ರಿಯನ್ನನ ಕೋಪ ಬರಿಯ ಕವಿಕಲ್ಪನೆಯಲ್ಲ. ಮುಂದೆ 1777ರಲ್ಲಿ ನೆರೆಯ ಪ್ರಷ್ಯದ ದೊರೆ ಫ್ರೆಡರಿಕನು, ಕಾಫಿಯಿಂದ ನಾಡಿನ ಹಣ ಹೊರಗೆ ಹರಿದುಹೋಗುತ್ತದೆ, ಪ್ರಜೆಗಳು ತಮ್ಮ ಹಿರಿಯರಂತೆ ಬಿಯರನ್ನೇ ಕುಡಿಯಬೇಕು ಎಂದು ಘೋಷಿಸಿದನು. ಕಾಫಿ ಹುರಿಯುವುದಕ್ಕೆ ಸರಕಾರದ ಅನುಮತಿ ಬೇಕೆಂದಾಯಿತು. ಕದ್ದು ಹುರಿಯುವವರನ್ನು ವಾಸನೆಯಿಂದಲೇ ಪತ್ತೆ ಹಚ್ಚಲು ನಿವೃತ್ತ ಸೈನಿಕರನ್ನು ನೇಮಿಸಲಾಯಿತು. ಮಗಳನ್ನು ಗೆಲ್ಲಲಾರದೆ ಹೋದ ಶ್ಲೆಂಡ್ರಿಯನ್ನನಂತೆಯೇ ಆ ದೊರೆಯೂ ಕಾಫಿಯನ್ನು ಗೆಲ್ಲಲಾರದೆ ಹೋದನು.

ಮನೆ ಹೋಯಿತು, ನಾದ ಉಳಿಯಿತು

1737ರಲ್ಲಿ ಬಾಖನು ಕೂಟವನ್ನು ಶಿಷ್ಯನ ಕೈಗಿತ್ತು ದೂರ ಸರಿದನು; 1739ರಲ್ಲಿ ಮತ್ತೆ ಬಂದನು. 1741ರಲ್ಲಿ ಜಿಮ್ಮರ್‌ಮನ್ ತೀರಿಕೊಂಡನು. ಆ ವೇಳೆಗೆ ಬಾಖನ ನಂಟೂ ಮುಗಿದಂತೆ ಕಾಣುತ್ತದೆ. ಒಡೆಯನೊಡನೆ ಅಂಗಡಿಯ ಸಂಗೀತಕ್ಕೂ ಇಳಿಗಾಲ ಬಂದಿತು. ಆದರೆ ಊರಿನ ಜನಕ್ಕೆ ಕಿವಿಯ ರುಚಿ ಹತ್ತಿಹೋಗಿದ್ದಿತು. 1743ರಲ್ಲಿ ವರ್ತಕರು ಹದಿನಾರು ಮಂದಿ ವಾದ್ಯಗಾರರ ಒಂದು ಹೊಸ ಸಂಘವನ್ನು ಕಟ್ಟಿದರು. ಮೊದಲು ಮನೆಗಳಲ್ಲಿ, ಅನಂತರ ‘ಮೂರು ಹಂಸಗಳು’ ಎಂಬ ಛತ್ರದಲ್ಲಿ, 1781ರಿಂದ ಬಟ್ಟೆಯ ವರ್ತಕರ ಭವನದಲ್ಲಿ ಅದರ ಕಚೇರಿಗಳು ನಡೆದುವು. ಬಟ್ಟೆಯ ಭವನಕ್ಕೆ ಅಲ್ಲಿನ ಭಾಷೆಯಲ್ಲಿ ‘ಗೆವಾಂಡ್‌ಹೌಸ್’ ಎಂದು ಹೆಸರು. ಇಂದು ಜಗದ್ವಿಖ್ಯಾತವಾಗಿರುವ ಗೆವಾಂಡ್‌ಹೌಸ್ ವಾದ್ಯವೃಂದವೇ ಅದು. 1835ರಲ್ಲಿ ಅದರ ನಾಯಕನಾದ ಮೆಂಡೆಲ್ಸನ್, ಲೋಕವು ಮರೆತಿದ್ದ ಬಾಖನ ದೊಡ್ಡ ಕೃತಿಗಳನ್ನು ಮತ್ತೆ ಬೆಳಕಿಗೆ ತಂದವರಲ್ಲಿ ಮೊದಲಿಗ.

ಕಥರೀನಾ ಬೀದಿಯ ಮನೆ ಇನ್ನೂರಕ್ಕೂ ಹೆಚ್ಚು ವರ್ಷ ನಿಂತಿದ್ದಿತು. ಎರಡನೆಯ ಮಹಾಯುದ್ಧದಲ್ಲಿ, 1943ರ ಡಿಸೆಂಬರ್ 4ರ ಬೆಳಗಿನ ಜಾವ, ಲೈಪ್‌ಜಿಗ್ಗಿನ ಮೇಲೆ ಬಿದ್ದ ಬಾಂಬುಗಳಿಗೆ ಅದು ಆಹುತಿಯಾಯಿತು. 1990ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಸಂಗೀತಗಾರರು ಕೆಲವರು ಒಂದು ಮೇಳವನ್ನು ಕಟ್ಟಿ ಅದಕ್ಕೆ ‘ಕಾಫೆ ಜಿಮ್ಮರ್‌ಮನ್’ ಎಂದೇ ಹೆಸರಿಟ್ಟರು. ಕಾಫಿ ಮಾರಿ ಬದುಕಿದ ಒಬ್ಬ ವ್ಯಾಪಾರಿಗೆ ಇದಕ್ಕಿಂತ ಸ್ಮಾರಕ ಬೇಕೆ?

ಕಾಫಿ ಮಂದಿರಗಳ ಅಳಿವು ಉಳಿವುಗಳನ್ನು ಕನ್ನಡ ನಾಡೂ ಕಂಡಿದೆ. ಕಾಫಿ ಮಂಡಲಿಯು ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ, ಕೆಲಸ ಕಳೆದುಕೊಂಡ ನೌಕರರು ಎ. ಕೆ. ಗೋಪಾಲನ್ ಅವರ ಮಾರ್ಗದರ್ಶನದಲ್ಲಿ 1957ರ ಆಗಸ್ಟ್ 19ರಂದು ತಮ್ಮದೇ ಆದ ಮೊದಲ ಸಹಕಾರ ಸಂಘವನ್ನು ಕಟ್ಟಿಕೊಂಡುದು ಬೆಂಗಳೂರಿನಲ್ಲಿಯೇ. ಹಲವು ದಶಕಗಳ ಕಾಲ ಮಹಾತ್ಮಾ ಗಾಂಧಿ ರಸ್ತೆಯಲ್ಲಿದ್ದ ಅವರ ಕಾಫಿ ಹೌಸು 2009ರಲ್ಲಿ ಆ ಜಾಗವನ್ನು ತೆರವು ಮಾಡಿ ಚರ್ಚ್ ಸ್ಟ್ರೀಟಿಗೆ ಹೋಯಿತು. ಅಲ್ಲಿ ವಾದ್ಯಮೇಳವಿರಲಿಲ್ಲ, ನಿಜ. ಆದರೆ ಒಂದು ಬಟ್ಟಲು ಕಾಫಿಯ ಬೆಲೆಗೆ ಯಾರು ಬೇಕಾದರೂ ಎಷ್ಟು ಹೊತ್ತು ಬೇಕಾದರೂ ಕುಳಿತು ಮಾತನಾಡಬಹುದೆಂಬ ಧರ್ಮ ಅಲ್ಲಿದ್ದಿತು. ಜಿಮ್ಮರ್‌ಮನ್ನನ ಮನೆಯ ಧರ್ಮವೂ ಅದೇ.

ಈಗ ಕಾಲ ಬದಲಾಗಿದೆ. ಯಲಹಂಕದ ಬಳಿಯ ಪುಟ್ಟೇನಹಳ್ಳಿಯ ಒಂದು ಮನೆಯಲ್ಲಿ ಕುಳಿತು, ಫಿಲ್ಟರಿನಿಂದ ಡಿಕಾಕ್ಷನ್ ಇಳಿಯುವಷ್ಟರಲ್ಲಿ, ಬಾಖನ ಯಾವ ಕೃತಿಯನ್ನಾದರೂ ಕೇಳಿಕೊಳ್ಳಬಹುದು. ಸಂಗೀತ ಅಷ್ಟು ಸುಲಭವಾಗಿದೆ. ಸುಲಭವಾಗದೆ ಉಳಿದಿರುವುದು ಒಂದೇ: ನೆರೆಹೊರೆಯವರು ಒಂದೆಡೆ ಸೇರಿ, ಕಣ್ಣೆದುರಿನಲ್ಲಿ ಒಬ್ಬನು ನುಡಿಸುವುದನ್ನು ಒಟ್ಟಿಗೆ ಕೇಳುವ ಭಾಗ್ಯ. ಅದಕ್ಕೆ ಅರಸನ ಆಸ್ಥಾನ ಬೇಕಿಲ್ಲ, ನಗರಸಭೆಯ ಅಪ್ಪಣೆಯೂ ಬೇಕಿಲ್ಲ. ದೊಡ್ಡದೊಂದು ಕೋಣೆ, ಉತ್ಸಾಹಿಗಳಾದ ನಾಲ್ಕು ಮಂದಿ ತರುಣರು, ಬಾಗಿಲನ್ನು ತೆರೆದಿಡುವ ಮನಸ್ಸುಳ್ಳ ಒಬ್ಬ ಒಡೆಯ, ಇಷ್ಟಿದ್ದರೆ ಸಾಕೆಂದು ಲೈಪ್‌ಜಿಗ್ಗಿನ ಕಾಫಿಯ ವ್ಯಾಪಾರಿ ತೋರಿಸಿಕೊಟ್ಟಿದ್ದಾನೆ.